ಹಾಡಿ ಮನೆ ನಡೆಸಿದ ಗಂಗಕ್ಕ

ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಲ್ಲಿ ಕೊನೆಯುಸಿರೆಳೆದದ್ದು 2009ರ ಜುಲೈ 21ರಂದು, ತಮ್ಮ 96ನೆಯ ವಯಸ್ಸಿನಲ್ಲಿ. ಮರುದಿನ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಆ ದಿನಗಳ ಶ್ರದ್ಧಾಂಜಲಿಗಳಲ್ಲಿ ಕಿರಾಣಾ ಘರಾನೆಯ ಹಿರಿಮೆಯಿತ್ತು, ಪದ್ಮಭೂಷಣ, ಪದ್ಮವಿಭೂಷಣಗಳ ಉಲ್ಲೇಖವಿತ್ತು, ಗಂಡಸಿನದೋ ಹೆಂಗಸಿನದೋ ಎಂದು ಕೇಳುಗರನ್ನು ತಬ್ಬಿಬ್ಬುಗೊಳಿಸುತ್ತಿದ್ದ ಆ ಗಂಭೀರ ಕಂಠದ ಬಣ್ಣನೆಯಿತ್ತು. ಇರಬೇಕಾದದ್ದೇ. ಆದರೆ ಅವರ ಬದುಕಿನ ಬಹುಪಾಲನ್ನು ಆವರಿಸಿದ್ದ ಒಂದು ಸಂಗತಿ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: ಆ ಹಾಡಿನಿಂದಲೇ ಒಂದು ಮನೆಯ ಒಲೆ ಉರಿಯುತ್ತಿತ್ತು. ಗಂಗೂಬಾಯಿ ಕಲಾವಿದೆಯಷ್ಟೇ ಅಲ್ಲ, ಆ ಮನೆಯ ದುಡಿಯುವ ಯಜಮಾನಿಯೂ ಆಗಿದ್ದರು.

ಹಾನಗಲ್ಲ ಅವರು ಹುಟ್ಟಿದ ಊರಲ್ಲ, ಬೆಳೆದ ಊರೂ ಅಲ್ಲ. 1913ರ ಮಾರ್ಚ್ 5ರಂದು ಅವರು ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹಾನಗಲ್ಲ ಹಿರಿಯರ ಊರು. ಮೂವತ್ತರ ದಶಕದಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಬಾಲ್ಯದ ಹೆಸರಿನೊಂದಿಗೆ ಈ ಊರಿನ ಹೆಸರೂ ಅಚ್ಚಾಯಿತು. ಗಾಂಧಾರಿ ಹೋಗಿ ಗಂಗೂಬಾಯಿ ಬಂದರೂ ಹಾನಗಲ್ ಉಳಿಯಿತು. 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಗೆ ಸೇರಿದ ಈ ಸೀಮೆ ಹೆಸರುಗಳಿಗೆ ಬಡವಾದುದಲ್ಲ. ಕನಕದಾಸರ ಬಾಡ, ಶರೀಫರ ಶಿಶುವಿನಹಾಳ ಎರಡೂ ಶಿಗ್ಗಾವಿಯವು. ವಿ.ಕೃ. ಗೋಕಾಕರು ಸವಣೂರಿನವರು. ಸರ್ವಜ್ಞನನ್ನು ಹಿರೇಕೆರೂರು ಸೀಮೆ ತನ್ನವನೆನ್ನುತ್ತದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲ್ಲೂಕಿನ ಹಳ್ಳಿಗಳಲ್ಲಿ ಕಣ್ಣುಬಿಟ್ಟವರು. ಈ ಹಿರಿಯರೆಲ್ಲ ಗಂಡಸರೇ ಎಂಬುದು ಯಾರ ಗಮನಕ್ಕೂ ಬರುವಂತಹದೇ. ಅವರ ನಡುವೆ ಸೀಮೆಯ ಹೆಸರನ್ನು ದೇಶವಿದೇಶಗಳಿಗೆ ಒಯ್ದ ಹೆಣ್ಣುಮಗಳೊಬ್ಬಳಿದ್ದರೆ, ಆಕೆಯ ಮನೆತನ ಎಂದೋ ಊರು ಬಿಟ್ಟಿತ್ತು.

ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಧಾರವಾಡಕ್ಕೆ ಬಂದಾಗ ಅವರ ಮನೆಗೆ ಹೋಗಿ ಹಾಡು ಕೇಳುತ್ತಿದ್ದರೆಂದರೆ ಆಕೆಯ ವಿದ್ವತ್ತಿನ ಅಂದಾಜು ಸಿಗುತ್ತದೆ. ಮಗಳ ಒಲವು ಹಿಂದೂಸ್ತಾನಿಯತ್ತ ತಿರುಗಿತು. ಅಂಗಡಿಯ ಗ್ರಾಮಫೋನಿನಿಂದ ಹೊರಡುತ್ತಿದ್ದ ಹಾಡುಗಳನ್ನು ಕೇಳುತ್ತ ಆ ಹುಡುಗಿ ಬೀದಿಯಲ್ಲೇ ನಿಂತುಬಿಡುತ್ತಿದ್ದಳು. ಅಂಬಾಬಾಯಿ ಇದನ್ನು ಕಂಡು ಎರಡು ನಿರ್ಧಾರ ಕೈಗೊಂಡರು. ಮಗಳ ಕಲಿಕೆಗಾಗಿ 1928ರಲ್ಲಿ ಸಂಸಾರವನ್ನು ಹುಬ್ಬಳ್ಳಿಗೆ ಸಾಗಿಸಿದ್ದು ಒಂದು. ತಮ್ಮ ಸಂಗೀತದ ನೆರಳು ಮಗಳ ಕಂಠದ ಮೇಲೆ ಬೀಳದಿರಲೆಂದು ತಾವು ಹಾಡುವುದನ್ನೇ ನಿಲ್ಲಿಸಿದ್ದು ಇನ್ನೊಂದು. ಎರಡನೆಯದನ್ನು ‘ತ್ಯಾಗ’ವೆಂದು ಕರೆದು ಮುಂದಕ್ಕೆ ಹೋಗುವುದು ಸುಲಭ. ಹಾಡುವವಳು ಹಾಡು ನಿಲ್ಲಿಸಿದ ಮನೆಯಲ್ಲಿ ಬೆಳಗು ಬೈಗುಗಳು ಹೇಗೆ ಕಳೆದವು ಎಂಬುದನ್ನು ಊಹಿಸಿಕೊಂಡರೆ ಆ ಪದ ತೀರ ಹಗುರವೆನಿಸುತ್ತದೆ.

ಆದರೆ ಅಂಬಾಬಾಯಿ ಬರಿಯ ತ್ಯಾಗಮೂರ್ತಿಯಲ್ಲ, ಲೆಕ್ಕ ಬಲ್ಲ ಹೆಂಗಸು. ಮಗಳಿಗೆ ಮೊದಲು ಪಾಠ ಹೇಳಿದವರು ಕಿನ್ನರಿ ವಾದಕ ಕೃಷ್ಣಾಚಾರ್ಯ ಹುಲಗೂರರು. ಹುಲಗೂರು ಶಿಗ್ಗಾವಿ ತಾಲ್ಲೂಕಿನ ಊರು. ಹೀಗೆ ಶಿಷ್ಯೆಯ ಹೆಸರಿನಲ್ಲೂ ಗುರುವಿನ ಹೆಸರಿನಲ್ಲೂ ಈ ನೆಲದ ಎರಡು ಊರುಗಳು ಎದುರುಬದುರಾಗಿ ಕುಳಿತಿದ್ದವು. ಒಂದು ವರ್ಷದಲ್ಲಿ ಸುಮಾರು 60 ಚೀಜುಗಳ ಪಾಠವಾಯಿತು. ಬಳಿಕ ಸಂಭಾವನೆಯ ವಿಷಯದಲ್ಲಿ ತಾಯಿಗೂ ಗುರುವಿಗೂ ಮಾತು ಬೆಳೆದು ಪಾಠ ನಿಂತಿತು. ಸಂಗೀತವನ್ನು ಹಣದ ಮಾತಿನಿಂದ ದೂರವಿಟ್ಟು ನೋಡುವ ರೂಢಿಯಿರುವ ನಮಗೆ ಈ ಪ್ರಸಂಗ ತುಸು ಇರಿಸುಮುರಿಸಿನದು. ಆ ಮನೆಯವರಿಗೆ ಅಂಥ ಸಂಕೋಚ ಕಟ್ಟಿಕೊಳ್ಳುವ ಸೌಕರ್ಯವಿರಲಿಲ್ಲ.

ಕಾರಣ ಸ್ಪಷ್ಟ. ಅವರದು ಗಂಗಾಮತ ಸಮುದಾಯ, ದೇವದಾಸಿ ಪರಂಪರೆಯ ಹಿನ್ನೆಲೆಯ ಮನೆತನ. ಹಾಡುವ ಹೆಂಗಸನ್ನು ‘ಗಾನೇವಾಲಿ’ ಎಂದು ಬೀದಿಯಲ್ಲಿ ಹಂಗಿಸುತ್ತಿದ್ದ ಕಾಲ. ಬಾಲ್ಯದಲ್ಲಿ ಮೇಲ್ಜಾತಿಯ ನೆರೆಯವರ ತೋಟದ ಮಾವಿನಕಾಯಿಗೆ ಕೈಹಾಕಿದಾಗ, ಕಾಯಿ ಹೋದದ್ದಕ್ಕಿಂತ ಹಾಡುವವಳ ಮಗಳು ತೋಟಕ್ಕೆ ಕಾಲಿಟ್ಟಳೆಂಬುದೇ ದೊಡ್ಡ ಅಪರಾಧವಾಗಿತ್ತೆಂದು ಗಂಗೂಬಾಯಿ ಮುಂದೆ ನೆನೆದಿದ್ದಾರೆ. ಅಂಥವರೇ ಕಾಲಾನಂತರ ಮನೆಗೆ ಕರೆದು ಉಪಚರಿಸಿದ್ದನ್ನೂ ಹೇಳಿ ನಕ್ಕಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮಹಾತ್ಮ ಗಾಂಧಿಯವರ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ ಹನ್ನೊಂದರ ಹುಡುಗಿಗೆ ಕಾಡಿದ ಚಿಂತೆಯೆಂದರೆ, ಜಾತಿಯ ಕಾರಣಕ್ಕೆ ತನಗೆ ಎಂಜಲೆಲೆ ಎತ್ತಲು ಹೇಳಿಯಾರೇ ಎಂಬುದು. ಶ್ರುತಿ ತಪ್ಪೀತೆಂಬ ಭಯ ಆಮೇಲಿನದು.

1929ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಗುರುರಾವ್ ಕೌಲಗಿಯವರೊಂದಿಗೆ ಬಾಳು ಕೂಡಿತು. ಅವರು ಬ್ರಾಹ್ಮಣರು, ವಕೀಲಿ ಓದಿದವರು. ಪತ್ನಿಯ ಹಾಡಿಗೆ ಅಡ್ಡ ಬಂದವರಲ್ಲ. ಕೈಹಾಕಿದ ವ್ಯಾಪಾರ ಮಾತ್ರ ಅವರ ಕೈಹಿಡಿಯಲಿಲ್ಲ. ನಾರಾಯಣರಾವ್, ಬಾಬುರಾವ್ ಎಂಬ ಇಬ್ಬರು ಗಂಡುಮಕ್ಕಳು, ಕೃಷ್ಣಾ ಎಂಬ ಮಗಳು, ಅವಲಂಬಿಸಿದ ಬಂಧುಗಳು, ತೀರಿಸಬೇಕಾದ ಸಾಲ – ಇಷ್ಟೆಲ್ಲದರ ಭಾರ ತಂಬೂರಿಯ ತಂತಿಯ ಮೇಲೆ ಬಿತ್ತು. ಸಾಮಾನ್ಯವಾಗಿ ‘ಉದ್ಯಮಿ’ ಎಂಬ ಪದವನ್ನು ನಾವು ಕಾರ್ಖಾನೆ ಕಟ್ಟಿದವರಿಗೆ ಮೀಸಲಿಡುತ್ತೇವೆ. ಬಂಡವಾಳವಿಲ್ಲದೆ, ಸಮಾಜದ ಮನ್ನಣೆಯಿಲ್ಲದೆ, ಐದನೆಯ ಇಯತ್ತೆಗೆ ನಿಂತ ಓದಿನೊಂದಿಗೆ, ಒಂದು ವಿದ್ಯೆಯನ್ನೇ ಆಧಾರವಾಗಿಟ್ಟುಕೊಂಡು ದಶಕಗಟ್ಟಲೆ ಒಂದು ದೊಡ್ಡ ಸಂಸಾರವನ್ನು ಸಾಕಿದ ಹೆಂಗಸಿಗೆ ಆ ಪದ ಸಲ್ಲದೆಂದು ಯಾರಾದರೂ ವಾದಿಸಿದರೆ, ಒಪ್ಪುವುದು ನನಗಂತೂ ಕಷ್ಟ.

ಕಾಲವೂ ಬದಲಾಗುತ್ತಿತ್ತೆಂಬುದನ್ನು ಮರೆಯಬಾರದು. ಅರಮನೆಯ ಆಶ್ರಯ, ಸಾಹುಕಾರರ ಬೈಠಕ್ಕುಗಳು ಹಿಂದೆ ಸರಿದು ಗ್ರಾಮಫೋನ್, ರೇಡಿಯೊ, ಗಣೇಶೋತ್ಸವ, ಸಂಗೀತ ಸಮ್ಮೇಳನಗಳು ಮುಂದೆ ಬಂದವು. ಕರೀಂ ಖಾನರ ಮಗಳು ಹೀರಾಬಾಯಿ ಬಡೋದೇಕರ್ ಟಿಕೆಟ್ ಇಟ್ಟು ಸಾರ್ವಜನಿಕ ಕಛೇರಿ ಮಾಡಿದರು. ಹೆಣ್ಣು ತನ್ನ ಹಾಡಿಗೆ ತಾನೇ ಬೆಲೆ ಕಟ್ಟಿ, ಆ ಹಣವನ್ನು ತಾನೇ ಮನೆಗೆ ತರಬಹುದೆಂಬ ದಾರಿ ಆಗ ತೆರೆಯಿತು. ಗಂಗೂಬಾಯಿ ಆ ದಾರಿಯಲ್ಲಿ ನಡೆದವರು. ಮುಂಬಯಿಯ ಗಣೇಶೋತ್ಸವಗಳಲ್ಲಿ ಭಜನೆ, ಠುಮರಿಗಳನ್ನೂ ಹಾಡಿದರು. ಕಲ್ಕತ್ತೆಯ ಸಂಗೀತ ಸಮ್ಮೇಳನಕ್ಕೆ ಹೋದಾಗ ಆ ಸಣ್ಣ ಮೈಕಟ್ಟಿನ ಹುಡುಗಿಯನ್ನು ಕಂಡು ಸಂಘಟಕರಿಗೇ ಅನುಮಾನ ಹುಟ್ಟಿತು. ವೇದಿಕೆಗೆ ಮೊದಲು ಖಾಸಗಿಯಾಗಿ ಹಾಡಿಸಿ ನೋಡಿದರು. ಸಮ್ಮೇಳನ ಮುಗಿದಾಗ ತ್ರಿಪುರಾ ಮಹಾರಾಜರ ಪದಕ ಅವರ ಕೈಯಲ್ಲಿತ್ತು. ಹಗುರ ಸಂಗೀತಕ್ಕೆ ಬೇಡಿಕೆಯಿದ್ದಾಗಲೇ, 1945ರ ನಂತರ, ಅದನ್ನು ಬಿಟ್ಟು ಶುದ್ಧ ಖಯಾಲಿಗೆ ನಿಂತದ್ದು ಅವರ ಬದುಕಿನ ದೊಡ್ಡ ಧೈರ್ಯ. ಮನೆಯ ತುಂಬ ತಿನ್ನುವ ಬಾಯಿಗಳಿರುವವರು ಇಂಥ ಆಯ್ಕೆ ಮಾಡುವುದಿಲ್ಲ.

ಆ ಧೈರ್ಯದ ಮೂಲ ಕುಂದಗೋಳದಲ್ಲಿತ್ತು. ಸವಾಯಿ ಗಂಧರ್ವರು ಊರಿಗೆ ಮರಳಿ ನೆಲೆಸಿದಾಗ, ಮೂವತ್ತರ ದಶಕದ ಕೊನೆಗೆ, ಗಂಗೂಬಾಯಿ ಅವರಲ್ಲಿ ಮೂರು ವರ್ಷ ಕಠಿಣ ತಾಲೀಮು ಪಡೆದರು. ಆಗಾಗಲೇ ಅವರು ಮಕ್ಕಳ ತಾಯಿ. ಮನೆಗೆಲಸ ಮುಗಿಸಿ ಹುಬ್ಬಳ್ಳಿಯಿಂದ ರೈಲು ಹಿಡಿಯುವುದು, ಗುರುಗಳೆದುರು ಒಂದೇ ಪಲುಕನ್ನು ಗಂಟೆಗಟ್ಟಲೆ ತಿದ್ದುವುದು, ರಾತ್ರಿಯ ರೈಲಿಗೆ ಮರಳುವುದು. ಜಿಪುಣ ಹಣ ಬಿಚ್ಚುವಂತೆ ಸ್ವರವನ್ನು ಖರ್ಚು ಮಾಡಬೇಕೆಂದು ಗುರುಗಳು ಹೇಳುತ್ತಿದ್ದರಂತೆ. ಅಸಾವರಿಯಾಗಲಿ, ಪೂರಿಯಾ ಧನಾಶ್ರೀಯಾಗಲಿ, ಗಂಗೂಬಾಯಿಯವರ ಆಲಾಪ ಕೇಳಿದವರಿಗೆ ಈ ಉಪಮೆ ಎಷ್ಟು ನಿಜವೆಂದು ಗೊತ್ತು. ಒಂದೊಂದು ಸ್ವರವನ್ನೂ ಪೂರ್ತಿ ದುಡಿಸಿಕೊಂಡೇ ಮುಂದಿನದಕ್ಕೆ ಹೋಗುತ್ತಿದ್ದರು. ಮನೆಯ ಖರ್ಚನ್ನು ಹಾಗೆಯೇ ನಿಭಾಯಿಸುತ್ತಿದ್ದವರಿಗೆ ಆ ಪಾಠ ಬೇಗ ಅರ್ಥವಾಗಿದ್ದೀತು.

ಕತ್ತಲಲ್ಲಿ ಅವರನ್ನು ಕುಂದಗೋಳದ ನಿಲ್ದಾಣದವರೆಗೆ ಬಿಟ್ಟುಬರುತ್ತಿದ್ದವನು ಗುರುಮನೆಯಲ್ಲಿ ನೀರು ಹೊತ್ತು ಕಲಿಯುತ್ತಿದ್ದ ಒಬ್ಬ ಹುಡುಗ – ಭೀಮಸೇನ ಜೋಶಿ. ಗಂಗೂಬಾಯಿಗಿಂತ ಒಂಬತ್ತು ವರ್ಷ ಕಿರಿಯ. ಆ ದಾರಿಯಲ್ಲಿ ಬೆಳೆದ ಅಕ್ಕ–ತಮ್ಮನ ಸಲುಗೆ ಎಪ್ಪತ್ತು ವರ್ಷ ಬಾಳಿತು. 1952ರಲ್ಲಿ ಗುರುಗಳು ತೀರಿಕೊಂಡ ಮೇಲೆ ಭೀಮಸೇನರು ಪುಣೆಯಲ್ಲಿ 1953ರಿಂದ ಸವಾಯಿ ಗಂಧರ್ವ ಉತ್ಸವ ನಡೆಸಿದರು. ಗಂಗೂಬಾಯಿ, ಫಿರೋಜ್ ದಸ್ತೂರ್ ಅಲ್ಲಿ ದಶಕಗಟ್ಟಲೆ ತಪ್ಪದೆ ಹಾಡಿದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗುರುಗಳ ಪುಣ್ಯತಿಥಿಗೆ ನಡೆಯುವ ಅಹೋರಾತ್ರಿ ಸಂಗೀತಕ್ಕೂ ಅವರು ತಪ್ಪಿಸಿಕೊಂಡವರಲ್ಲ. ನಿಮ್ಮದು ನಿಜವಾದ ಕಿರಾಣಾ ಘರಾನೆ, ನನ್ನದು ಕಿರಾಣಿ ಅಂಗಡಿ ಎಂದು ಭೀಮಸೇನರು ಅಕ್ಕನನ್ನು ಛೇಡಿಸುತ್ತಿದ್ದರೆಂಬ ಮಾತು ಸಂಗೀತಲೋಕದಲ್ಲಿ ಪ್ರಸಿದ್ಧ. ಒಂದೇ ಗುರುವಿನ ಶಿಷ್ಯರ ನಡುವೆ, ಒಂದೇ ವೇದಿಕೆಗಳಿಗೆ ಸ್ಪರ್ಧಿಸಬೇಕಾದವರ ನಡುವೆ, ಇಂಥ ಸ್ನೇಹ ಉಳಿಯುವುದು ಅಪರೂಪ. ತಮ್ಮನಿಗೆ ಭಾರತರತ್ನ ಬಂದ ಸುದ್ದಿಯನ್ನು 2008ರಲ್ಲಿ ಅಕ್ಕ ಕೇಳಿದರು. ಅದೇ ವರ್ಷ ದಸ್ತೂರರು ತೀರಿಕೊಂಡರು.

ಗಂಡಸು ಮುಸ್ಲಿಮನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗುಬಾಯಿಯರಂಥವರು ಮಾತ್ರ ಬಾಯಿಗಳಾಗಿಯೇ ಉಳಿದರು ಎಂಬರ್ಥದ ಅವರ ಮಾತನ್ನು ಈಗ ಎಲ್ಲರೂ ಉದ್ಧರಿಸುತ್ತಾರೆ. ಅದರಲ್ಲಿ ಕಹಿಗಿಂತ ವ್ಯಂಗ್ಯವೇ ಹೆಚ್ಚು. ಗಂಟಲಿಗೆ ಮಾಡಿಸಿಕೊಂಡ ಚಿಕಿತ್ಸೆಯ ನಂತರ ತೆಳುವಾಗಿದ್ದ ಕಂಠ ಒಡೆದು ದಪ್ಪವಾದಾಗಲೂ ಅವರು ಅಳುತ್ತ ಕೂರಲಿಲ್ಲ. ಇದ್ದ ಕಂಠಕ್ಕೆ ಒಪ್ಪುವ ಗಾಯನವನ್ನು ಕಟ್ಟಿಕೊಂಡರು. ಇಂದು ನಾವು ಗಂಗೂಬಾಯಿಯವರದೆಂದು ಗುರುತಿಸುವುದು ಆ ಎರಡನೆಯ ಕಂಠವನ್ನು.

ಇನ್ನು ಕೃಷ್ಣಾ. ಅವರ ವಿಷಯ ಬರೆಯುವಾಗ ಲೇಖನಿ ತಡೆಯುತ್ತದೆ. ತಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತು, ತಾಯಿ ಉಸಿರು ತೆಗೆದುಕೊಳ್ಳುವ ಕ್ಷಣದಲ್ಲಿ ಎಳೆ ಕಡಿಯದಂತೆ ಹಾಡನ್ನು ಎತ್ತಿಕೊಳ್ಳುತ್ತ, ಕೃಷ್ಣಾ ಹಾನಗಲ್ ದಶಕಗಟ್ಟಲೆ ಗಾಯನದ ಸಾಥ್ ನೀಡಿದರು. ಸ್ವತಃ ಸಮರ್ಥ ಗಾಯಕಿ. ಸ್ವತಂತ್ರವಾಗಿ ಹಾಡಿ ತಮ್ಮದೇ ಹೆಸರು ಕಟ್ಟಿಕೊಳ್ಳಬಹುದಿತ್ತು ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅಜ್ಜಿ ತನ್ನ ಹಾಡನ್ನು ನಿಲ್ಲಿಸಿ ಮಗಳಿಗೆ ದಾರಿಮಾಡಿದಳು. ಮೊಮ್ಮಗಳು ತನ್ನ ಹಾಡನ್ನು ತಾಯಿಯ ಹಾಡಿನೊಳಗೆ ಇಟ್ಟಳು. ನಡುವೆ ನಿಂತ ಗಂಗೂಬಾಯಿಯ ಕೀರ್ತಿ ಎರಡೂ ಕಡೆಯಿಂದ ಪಡೆದ ಸಾಲ. ‘ಆದರ್ಶ ತಾಯಿ’ ಎಂದು ಮಾಲೆ ಹಾಕಿ ಮುಗಿಸುವವರು ಈ ಲೆಕ್ಕವನ್ನು ತೆರೆಯುವುದೇ ಇಲ್ಲ. ಮಗಳನ್ನು ನೆರಳಿನಲ್ಲಿ ಇರಿಸಿಕೊಂಡರೆಂದು ದೂರುವುದೂ ಅನ್ಯಾಯವೇ ಆದೀತು. ಆ ಮನೆಯಲ್ಲಿ ಹಾಡು ಒಬ್ಬರ ಸೊತ್ತಾಗಿರಲಿಲ್ಲ, ಕೂಡಿ ದುಡಿಯುವ ಹೊಲವಾಗಿತ್ತು.

2003ರಲ್ಲಿ ಅಸ್ಥಿಮಜ್ಜೆಯ ಕ್ಯಾನ್ಸರನ್ನು ಗೆದ್ದ ತಾಯಿ, ಮರುವರ್ಷ ಕ್ಯಾನ್ಸರಿಗೇ ಮಗಳನ್ನು ಕಳೆದುಕೊಂಡರು. ಕೃಷ್ಣಾಗೆ ಆಗ 75, ತಾಯಿಗೆ 91. ಅಷ್ಟು ವರ್ಷ ಬೆನ್ನ ಹಿಂದೆ ಕೇಳಿಸುತ್ತಿದ್ದ ದನಿ ಇಲ್ಲವಾಯಿತು. ಆದರೂ 2006ರ ಮಾರ್ಚ್‌ನಲ್ಲಿ, ಸಂಗೀತಯಾತ್ರೆಯ 75 ವರ್ಷಗಳ ನೆನಪಿಗೆ, ಗಂಗೂಬಾಯಿ ಮತ್ತೊಮ್ಮೆ ವೇದಿಕೆ ಏರಿದರು. ಅದೇ ಕೊನೆಯ ಕಛೇರಿ.

ಐದನೆಯ ಇಯತ್ತೆಯವರೆಗೆ ಓದಿದ ಅವರ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವಿದೆ. 2014ರಲ್ಲಿ ಅಂಚೆ ಇಲಾಖೆ ತಂದ ಸಂಗೀತಗಾರರ ಅಂಚೆಚೀಟಿಗಳಲ್ಲಿ ಭೀಮಸೇನರ ಜೊತೆಗೆ ಅವರೂ ಇದ್ದಾರೆ. ಅಂಬಾಬಾಯಿಯ ಹೆಸರಿನಲ್ಲಿ ಏನಿದೆಯೆಂದು ಹುಡುಕುವ ಗೋಜಿಗೆ ಯಾರೂ ಹೋದಂತಿಲ್ಲ. ಕೃಷ್ಣಾರ ದನಿ ಮಾತ್ರ ತಾಯಿಯ ಧ್ವನಿಮುದ್ರಣಗಳಲ್ಲಿ ಉಳಿದಿದೆ. ವಿಲಂಬಿತದಲ್ಲಿ ಆ ಭಾರವಾದ ಕಂಠ ಒಂದು ಕ್ಷಣ ತಡೆದಾಗ, ಅದರ ಬೆನ್ನಿಗೇ ತುಸು ತೆಳುವಾದ ಇನ್ನೊಂದು ಕಂಠ ಅದೇ ಸ್ವರವನ್ನು ಹಿಡಿದು ನಿಲ್ಲುತ್ತದೆ, ತಾಯಿ ಮರಳಿ ಬರುವವರೆಗೆ.