ಪರ್ಸಿ ಚೂರಿನ ಪಡಸಾಲಿ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ಮಕ್ಕಳು ಮನೆ ಆಟದ ಸಾಮಾನಿಗಾಗಿ ಅಂಗಡಿಗೆ ಹೋಗಬೇಕಿಲ್ಲ. ಬೇಕಾದಷ್ಟು ಪರ್ಸಿ ಕಲ್ಲಿನ ಚೂರು ಓಣಿಯಲ್ಲೇ ಬಿದ್ದಿರುತ್ತವೆ. ಭೀಮಾ ಸೀಮೆಯ ಈ ಸುಣ್ಣದಕಲ್ಲು ನೆಲದೊಳಗೆ ಪದರುಪದರಾಗಿಯೇ ಕೂತಿರುವುದರಿಂದ, ಹಾರೆ ಹಾಕಿ ಎಬ್ಬಿಸಿದರೆ ಹಲಗೆಯಂತೆ ಏಳುತ್ತದೆ. ಚಪ್ಪಡಿ ದೊಡ್ಡವರ ಮನೆಯ ನೆಲಕ್ಕೆ ಹೋಗುತ್ತದೆ, ಒಡೆದ ಚೂರು ಮಕ್ಕಳ ಪಾಲಿಗೆ ಬರುತ್ತದೆ.

ಚೂರುಗಳನ್ನು ಸಾಲಾಗಿ ಇಟ್ಟರೆ ಗೋಡೆ. ನಡುವೆ ಒಂದು ಚೂರು ತೆಗೆದರೆ ಬಾಗಿಲು. ಮೊದಲು ಪಡಸಾಲಿ, ಅದರ ಹಿಂದೆ ಅಡಗಿ ಮನಿ, ಮೂಲೆಗೆ ಬಚ್ಚಲು, ದೇವರಿಗೊಂದು ಜಗಲಿ. ಮಲಗುವ ಜಾಗ ಸಾಲುತ್ತದೋ ಇಲ್ಲವೋ ಎಂದು ನೋಡಲು ಚಿಕ್ಕವನೊಬ್ಬನನ್ನು ಅಲ್ಲೇ ಮಲಗಿಸುತ್ತಾರೆ. ಕಾಲು ಗೋಡೆ ದಾಟಿದರೆ ಗೋಡೆ ಹಿಂದೆ ಸರಿಯುತ್ತದೆ. ‘ಅಕ್ಕಾ, ಇಲ್ಲಿ ಒಲಿ ಇಡಬ್ಯಾಡ, ಹೊಗಿ ಎಲ್ಲಾ ಪಡಸಾಲ್ಯಾಗ ಬರ್ತದ’ ಎಂದು ಒಂದು ಮಗು ತಕರಾರು ತೆಗೆದರೆ ಒಲೆ ಜಾಗ ಬದಲಿಸುತ್ತದೆ. ಅಳತೆ, ಗಾಳಿ, ಬೆಳಕು, ಓಡಾಟದ ದಾರಿ, ಯಾರಿಗೆ ಎಷ್ಟು ಜಾಗ ಎಂಬ ನ್ಯಾಯ ಎಲ್ಲವೂ ಈ ಜಗಳದಲ್ಲೇ ತೀರ್ಮಾನವಾಗುತ್ತವೆ. ಕೋಣೆಯ ವಿನ್ಯಾಸ ಕಲಿಸುವ ಇದಕ್ಕಿಂತ ಒಳ್ಳೆಯ ಆಟವನ್ನು ನಾನು ಕಂಡಿಲ್ಲ. ಚಿಂಚೋಳಿಯ ಕಾಡಂಚಿಗೆ ಹೋದರೆ ಕಲ್ಲಿನ ಬದಲು ಕಡ್ಡಿ, ಎಲೆ, ಮಣ್ಣು, ಆಟ ಅದೇ.

ಕೋಣೆ ಮಕ್ಕಳ ಅಳತೆಗೆ ಒಗ್ಗಬೇಕೆಂಬ ಮಾತು ಶಾಲೆಗಳಿಗೂ ಹೊಸದಲ್ಲ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ‘ಮಕ್ಕಳ ಮನೆ’ ತೆರೆದರು. ಅಲ್ಲಿ ಮುಂದೆ ಮೇಜು, ಕುರ್ಚಿ, ಕಪಾಟುಗಳೆಲ್ಲ ಮಕ್ಕಳ ಕೈಗೆಟಕುವಂತೆ ತಯಾರಾದವು. ನಮ್ಮಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಎಂಬ ಕಲಿಕಾ ಪದ್ಧತಿ ಅದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡಿತು. ಮಕ್ಕಳ ಎತ್ತರಕ್ಕೆ ಗೋಡೆಯಲ್ಲೇ ಕಪ್ಪುಹಲಗೆ, ತಲೆಯ ಮೇಲೆ ದಾರ ಕಟ್ಟಿದ ‘ಚಪ್ಪರ’, ಅದಕ್ಕೆ ಮಕ್ಕಳೇ ಬರೆದ, ಕತ್ತರಿಸಿದ ಕಾಗದಗಳ ತೋರಣ. ಮುಂದೆ ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೂ ಈ ಪದ್ಧತಿ ಬಂತು.

ಆದರೆ ಅಲ್ಲಿ ಕೂಡ ಎಷ್ಟೋ ಸಲ ಚಪ್ಪರ ಕಟ್ಟುವವರು ಗುರುಗಳು, ನೋಡುವವರು ಮಕ್ಕಳು. ಅದು ತಿರುಗುಮುರುಗಾಗಬೇಕು. ಶಾಲೆಯಲ್ಲಾಗಲಿ ಅಂಗನವಾಡಿಯಲ್ಲಾಗಲಿ ಒಂದು ಬುಟ್ಟಿ ಪರ್ಸಿ ಚೂರು ಇಡಿ. ಅಂಚು ಹರಿತವಾಗಿರುತ್ತದೆ, ಕೈಗೆ ತಾಗದಂತೆ ಒರಟು ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ ಕೊಡಿ. ಮೊದಲು ಮಕ್ಕಳು ತಮ್ಮದೇ ತರಗತಿಯ ನಕ್ಷೆಯನ್ನು ಅಂಗಳದಲ್ಲಿ ಹಾಕಲಿ: ಕಿಟಕಿ ಎಲ್ಲಿ, ಚೀಲ ಎಲ್ಲಿ, ನೀರಿನ ಕೊಡ ಎಲ್ಲಿ. ಆಮೇಲೆ ‘ಎಲ್ಲಿ ಏನು ಬದಲಿಸ್ತೀರಿ?’ ಎಂದು ಕೇಳಿ, ಅವರು ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ನಿಜವಾದ ಕೋಣೆಯಲ್ಲಿ ಮಾಡಿ. ಅಂಗಳದ ನಕ್ಷೆಯನ್ನು ಮಾತ್ರ ಅವತ್ತೇ ಗುಡಿಸಿಬಿಡಬೇಡಿ, ಮರುದಿನ ಬಂದು ತಿದ್ದುವವರಿರುತ್ತಾರೆ.