ಕಾಲು ಯಾರದು, ತೀರ್ಮಾನ ಯಾರದು?

ಹಿರಿಯರನ್ನು ಕಂಡೊಡನೆ ಅವರ ಪಾದ ಮುಟ್ಟಿ ನಮಸ್ಕರಿಸುವ ಜನ ನಾವು. ಗುಡಿಯಲ್ಲಿ ಪಾದುಕೆಗೆ ಪೂಜೆ, ಮಠದಲ್ಲಿ ಪಾದೋದಕ. ಆದರೆ ನಮ್ಮ ಸ್ವಂತ ಪಾದದ ಅಡಿಭಾಗವನ್ನು ನಾವು ಕಡೆಯ ಬಾರಿ ನೋಡಿಕೊಂಡದ್ದು ಯಾವಾಗ? ವಾಚಕರಲ್ಲಿ ಬಹುಮಂದಿಗೆ ಈ ಪ್ರಶ್ನೆಗೆ ಉತ್ತರ ತೋಚಲಾರದು. ಮುಖ ನೋಡಿಕೊಳ್ಳಲು ಮನೆಮನೆಯಲ್ಲಿ ಕನ್ನಡಿಯುಂಟು. ಪಾದ ನೋಡಿಕೊಳ್ಳಲು ಕನ್ನಡಿ ಹಿಡಿದವರನ್ನು ನಾನಂತೂ ಕಂಡಿರಲಿಲ್ಲ, ನಮ್ಮ ಕಾಕಾನ ಪ್ರಸಂಗ ನಡೆಯುವ ತನಕ.

ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಹಿರಣ್ಯಕೇಶಿ ನದಿಯ ದಂಡೆಯ ಮೇಲೆ ಇರುವ ಊರು ಸಂಕೇಶ್ವರ. ಶಂಕರಲಿಂಗನ ಗುಡಿ, ಮೆಣಸಿನಕಾಯಿಯ ವ್ಯಾಪಾರ, ಸಕ್ಕರೆ ಕಾರ್ಖಾನೆ, ಸುತ್ತಮುತ್ತ ಕಣ್ಣು ಹಾಯುವಷ್ಟು ದೂರ ಕಬ್ಬು. ಕಾಕಾ ಅಂಥ ಕಬ್ಬಿನ ಹೊಲದಲ್ಲೇ ಅರವತ್ತು ವರ್ಷ ಕಳೆದವನು. ಹನ್ನೆರಡು ವರ್ಷಗಳಿಂದ ಅವನಿಗೆ ಸಕ್ಕರೆ ಕಾಯಿಲೆ. ಕಟಾವು ಮುಗಿದ ಹೊಲದಲ್ಲಿ ಒಂದು ದಿನ ಕಬ್ಬಿನ ಕೂಳೆ ಅವನ ಬಲಗಾಲಿನ ಹೆಬ್ಬೆರಳಿನ ಬುಡಕ್ಕೆ ಚುಚ್ಚಿತು. ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ. ಮೂರು ವಾರಗಳಾದ ಮೇಲೆ ಹಾಸಿಗೆಯ ಮೇಲಿನ ಕಲೆಯನ್ನು ನೋಡಿ ಕಾಕು ಗಾಬರಿಯಾದಳು.

“ಕಾಕಾ, ಇದು ಎಂದ ಆಗಿದ್ದು?” ಎಂದು ನಾನು ಕೇಳಿದೆ.

“ಯಾರಿಗೆ ಗೊತ್ತಪಾ? ನೋವ ಇಲ್ಲ. ನೋವಿದ್ದರ ನೋಡತಿದ್ದೆ,” ಎಂದ ಕಾಕಾ.

ಈ ರೋಗದ ಸಮಸ್ತ ಶಾಸ್ತ್ರವೂ ಆ ಒಂದು ಮಾತಿನಲ್ಲಿ ಅಡಗಿದೆಯೆಂಬುದು ನನಗೆ ಆಮೇಲೆ ತಿಳಿಯಿತು.

ಸಹಿಯ ಕಾಗದ

ಆಸ್ಪತ್ರೆಯ ಹೆಸರು ಬೇಡ. ಇದು ಯಾವುದೋ ಒಂದು ಆಸ್ಪತ್ರೆಯ ದೋಷದ ಕಥೆಯಲ್ಲ; ನಮ್ಮ ಸೀಮೆಯ ಅನೇಕ ಕಡೆ ಹೀಗೆಯೇ ನಡೆಯುತ್ತದೆ. ಸಂಜೆ ದಾಖಲಾದ ಕಾಕಾನ ಹಾಸಿಗೆಯ ಬಳಿಗೆ ರಾತ್ರಿ ಎಂಟರ ಸುಮಾರಿಗೆ ತರುಣ ವೈದ್ಯರೊಬ್ಬರು ಬಂದರು. ಪಟ್ಟಿಯನ್ನು ಬಿಚ್ಚಿ ನೋಡಿ, “ಮೊಣಕಾಲಿನ ಕೆಳಗೆ ತೆಗೀಬೇಕಾಗತದ. ನಾಳೆ ಮುಂಜಾನೆ ಆಪರೇಶನ್. ಇಲ್ಲಿ ಸಹಿ ಮಾಡ್ರಿ,” ಎಂದು ಕಾಗದವೊಂದನ್ನು ಮುಂದಿಟ್ಟರು. ಕಾಗದ ಇಂಗ್ಲಿಷಿನಲ್ಲಿತ್ತು.

ಕಾಕಾ ಸಾವಕಾಶವಾಗಿ ಕನ್ನಡಕವನ್ನು ತೆಗೆದು ಪಂಚೆಯ ಸೆರಗಿನಿಂದ ಒರೆಸಿದ. “ಸಾಹೇಬ್ರ, ಮೂವತ್ತು ವರ್ಷ ಸೊಸಾಯಿಟಿ ಮೀಟಿಂಗಿನಾಗ ಕುಂತೇನಿ. ಓದಲಾರದ ಠರಾವಿಗೆ ಒಮ್ಮೆರೆ ಸಹಿ ಮಾಡಿಲ್ಲ. ಕಾಲಿನ ಠರಾವಿಗೆ ಮಾಡಲ್ಯಾ?” ಎಂದ. ಆ ಬಳಿಕ ಅವನೇ ಕೇಳಿದ: “ಕಣ್ಣಿಗೆ ಕಣ್ಣಿನ ಡಾಕ್ಟರ್ ಅದಾರ, ಹಲ್ಲಿಗೆ ಹಲ್ಲಿನ ಡಾಕ್ಟರ್ ಅದಾರ. ಪಾದಕ್ಕ ಯಾರೂ ಇಲ್ಲೇನ್ರಿ?”

“ಯಾರು ನೋಡಬೇಕು ಅನ್ನೋದನ್ನ ನಾವು ಠರಾಯಿಸ್ತೀವಿ. ಪೇಷಂಟ್ ಅಲ್ಲ,” ಎಂದರು ತರುಣರು. ಅವರು ಕೆಟ್ಟವರಲ್ಲ, ಎರಡು ರಾತ್ರಿ ನಿದ್ದೆಯಿಲ್ಲದವರಂತೆ ಕಾಣುತ್ತಿದ್ದರು. ಆದರೆ ಆ ಮಾತು ಮಾತ್ರ ಸರಿಯಾದುದಲ್ಲ.

ನೋವಿಲ್ಲದ ಹುಣ್ಣು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಏರಿಯೇ ಇದ್ದರೆ ಪಾದದ ನರಗಳು ಮೆಲ್ಲಮೆಲ್ಲನೆ ಸಾಯುತ್ತವೆ. ಮೊದಲು ಜೋಮು, ಉರಿ. ಆಮೇಲೆ ಏನೂ ಇಲ್ಲ. ಜೊತೆಗೆ ಕಾಲಿನ ರಕ್ತನಾಳಗಳೂ ಕಿರಿದಾಗಬಹುದು. ನರ ಸತ್ತ ಪಾದಕ್ಕೆ ಗಾಯ ತಿಳಿಯದು. ರಕ್ತ ಬಾರದ ಪಾದದ ಗಾಯ ಮಾಯದು. ಇವೆರಡರ ಮೇಲೆ ನಂಜು ಸೇರಿತೆಂದರೆ ಅನಾಹುತ.

ಈ ತಿಳಿವಳಿಕೆಯ ಬೇರು ಇರುವುದು ದಕ್ಷಿಣ ಭಾರತದಲ್ಲಿಯೇ. 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ರೋಗದಿಂದ ಬೆರಳುಗಳು ತಾವಾಗಿಯೇ ಉದುರುತ್ತವೆಂಬ ಹಳೆಯ ನಂಬಿಕೆ ಸುಳ್ಳೆಂದು ಅವರು ಕಂಡುಕೊಂಡರು. ನೋವು ತಿಳಿಯದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡವೇ ಹುಣ್ಣಿಗೆ ಮೂಲ. ಒತ್ತಡ ತಪ್ಪಿಸಿದರೆ ಹುಣ್ಣು ಮಾಯುತ್ತದೆ. ಮೃದುವಾದ ರಬ್ಬರಿನ ಚಪ್ಪಲಿ, ಪಾದಕ್ಕೆ ಅಂಟಿಕೊಂಡಂತೆ ಹಾಕುವ ಗಾರೆಯ ಪಟ್ಟಿ ಇವುಗಳೇ ಅವರ ಆಯುಧಗಳು. ಅದೇ ತತ್ತ್ವ ಮುಂದೆ ಮಧುಮೇಹಿಗಳ ಪಾದಕ್ಕೂ ಅನ್ವಯವಾಯಿತು.

ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ 1981ರಲ್ಲಿ ಮಧುಮೇಹಿಗಳ ಪಾದಕ್ಕೆಂದೇ ಒಂದು ಚಿಕಿತ್ಸಾಲಯ ತೆರೆಯಿತು. ವೈದ್ಯ, ಶಸ್ತ್ರವೈದ್ಯ, ದಾದಿ, ಪಾದಚಿಕಿತ್ಸಕ, ಪಾದರಕ್ಷೆ ಮಾಡುವವ ಇವರೆಲ್ಲ ಒಂದೇ ಕೋಣೆಯಲ್ಲಿ ಒಂದೇ ಕಾಲನ್ನು ನೋಡುವ ಏರ್ಪಾಡು ಅದು. ಕೆಲವೇ ವರ್ಷಗಳಲ್ಲಿ ಅಲ್ಲಿ ಕಾಲು ಕತ್ತರಿಸುವ ಪ್ರಸಂಗಗಳು ಗಣನೀಯವಾಗಿ ಇಳಿದವೆಂದು 1986ರಲ್ಲಿ ವರದಿಯಾಯಿತು. ಇಂಗ್ಲೆಂಡು, ಅಮೆರಿಕಗಳಲ್ಲಿ ಪಾದಚಿಕಿತ್ಸೆ ಒಂದು ಪ್ರತ್ಯೇಕ ವೃತ್ತಿ. ನಮ್ಮಲ್ಲಿ ಅದು ಇನ್ನೂ ಅಂಬೆಗಾಲಿನ ಕೂಸು. 2021ರ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ಪಟ್ಟಿಯಲ್ಲಿ ಪಾದಚಿಕಿತ್ಸಕರ ಹೆಸರು ಸೇರಿದೆ. ಬೆಂಗಳೂರಿನ ಸರಕಾರಿ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆಯಲ್ಲಿ ಪಾದಚಿಕಿತ್ಸೆಯ ವಿಭಾಗವೇ ಇದೆ. ಆದರೆ ಸಂಕೇಶ್ವರದ ರೈತನಿಗೆ ಬೆಂಗಳೂರು ದೂರ.

ಹಕ್ಕು ಎಷ್ಟರಮಟ್ಟಿಗೆ?

ಹಾಗಾದರೆ ಕಾಕಾ ಕೇಳಿದ ಪ್ರಶ್ನೆಗೆ ಕಾನೂನಿನ ಉತ್ತರವೇನು? “ನನಗೆ ಪಾದತಜ್ಞನೇ ಬೇಕು” ಎಂದು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಹಟ ಹಿಡಿಯುವ ಹಕ್ಕು ನಮಗಿಲ್ಲ. ಇಲ್ಲದ ತಜ್ಞನನ್ನು ಯಾವ ಆಸ್ಪತ್ರೆಯೂ ಸೃಷ್ಟಿಸಲಾರದು. ಸರಕಾರಿ ಆಸ್ಪತ್ರೆಗಳಲ್ಲಿ ಆ ದಿನ ಪಾಳಿಯಲ್ಲಿರುವ ವೈದ್ಯರೇ ರೋಗಿಯನ್ನು ನೋಡುವುದು ವಾಡಿಕೆ. ಆದರೆ ಅದಕ್ಕಿಂತ ಮೂಲಭೂತವಾದ ಕೆಲವು ಹಕ್ಕುಗಳುಂಟು. ಅವುಗಳನ್ನು ಬಲ್ಲವರು ಕಡಿಮೆ.

ಮೊದಲನೆಯದು ಒಪ್ಪಿಗೆಯ ಹಕ್ಕು. ಸಮೀರಾ ಕೊಹ್ಲಿ ಎಂಬವರ ಮೊಕದ್ದಮೆಯಲ್ಲಿ 2008ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾದ ತೀರ್ಪು ನೀಡಿದೆ. ಚಿಕಿತ್ಸೆ ಯಾವ ಬಗೆಯದು, ಅದರಿಂದ ಆಗುವ ಲಾಭವೇನು, ಅಪಾಯವೇನು, ಬೇರೆ ದಾರಿ ಉಂಟೋ, ಚಿಕಿತ್ಸೆ ಬೇಡವೆಂದರೆ ಏನಾಗಬಹುದು, ಇವಿಷ್ಟನ್ನೂ ರೋಗಿಗೆ ತಿಳಿಯಹೇಳಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಕ್ರಿಯೆಗೆ ಕೊಟ್ಟ ಒಪ್ಪಿಗೆಯಾಗದು. ಪ್ರಾಣಾಪಾಯದ ತುರ್ತು ಮಾತ್ರ ಇದಕ್ಕೆ ಅಪವಾದ.

ಎರಡನೆಯದು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿದ್ದು, ಅವುಗಳಲ್ಲಿ ಇದೂ ಒಂದು. ಸಾಧ್ಯವಿದ್ದಲ್ಲಿ ಪರ್ಯಾಯ ಚಿಕಿತ್ಸೆಯನ್ನು ಆರಿಸಿಕೊಳ್ಳುವ ಹಕ್ಕೂ ಅದರಲ್ಲಿದೆ. ಸನ್ನದು ತಾನೇ ಕಾಯಿದೆಯಲ್ಲ. ಅದನ್ನು ಜಾರಿಗೆ ತರತಕ್ಕವು ರಾಜ್ಯಗಳು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ಶಾಸನಸಭೆ ಒಪ್ಪಿದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸೇರಿತು. ಆ ಕಾಲದಲ್ಲಿ ನಡೆದ ವೈದ್ಯರ ಮುಷ್ಕರವನ್ನು ವಾಚಕರು ಮರೆತಿರಲಾರರು.

ಮೂರನೆಯದು ದಾಖಲೆಯ ಹಕ್ಕು. ರೋಗಿ ಕೇಳಿದ 72 ತಾಸುಗಳೊಳಗೆ ದಾಖಲೆಗಳ ಪ್ರತಿಯನ್ನು ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ಕಾಗದಪತ್ರವಿಲ್ಲದೆ ಹೋದರೆ ಎರಡನೆಯ ವೈದ್ಯರು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಕೊಳೆಯುತ್ತಿರುವ ಪಾದಕ್ಕೆ ಅಷ್ಟು ಪುರುಸೊತ್ತಿರುವುದಿಲ್ಲ.

ಹಣದ ಮಾತೂ ಬಂತು. 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಸರಕಾರಿ ಆಸ್ಪತ್ರೆಯಲ್ಲಿ ದೊರೆಯದ ಚಿಕಿತ್ಸೆಗೆ ಅಲ್ಲಿಂದ ಶಿಫಾರಸು ಪತ್ರ ಪಡೆದು, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗುವ ಏರ್ಪಾಡು ಅದರಲ್ಲಿದೆ. ಶಿಫಾರಸು ಬರೆಸುವಾಗ ಸುಮ್ಮನೆ ನಿಲ್ಲಬಾರದು. ಪಾದದ ಚಿಕಿತ್ಸೆ ಯಾವ ಯಾವ ಆಸ್ಪತ್ರೆಯಲ್ಲಿದೆ, ರಕ್ತನಾಳದ ತಜ್ಞರು ಎಲ್ಲಿದ್ದಾರೆ ಎಂದು ಅಲ್ಲಿಯೇ ವಿಚಾರಿಸಬೇಕು.

ಹಕ್ಕಿಗೂ ಗಡಿಯಾರವುಂಟು

ಮತ್ತೆ ಕಾಕಾನ ಕಡೆಗೆ ಬರೋಣ. ರಾತ್ರಿ ಹತ್ತಕ್ಕೆ ಹಿರಿಯ ಶಸ್ತ್ರವೈದ್ಯರು ಬಂದರು. ಕಾಕಾನ ಠರಾವಿನ ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ಮುಗುಳ್ನಕ್ಕು, ಹಾಸಿಗೆಯ ಅಂಚಿನಲ್ಲಿ ಕುಳಿತು, ಕಾಲನ್ನು ಮತ್ತೊಮ್ಮೆ ನೋಡಿದರು. ಜ್ವರವಿಲ್ಲ, ಕಪ್ಪು ಬೆರಳನ್ನು ದಾಟಿಲ್ಲ, ಬಾವು ಹಿಮ್ಮಡಿಗೆ ಏರಿಲ್ಲ. “ಅಜ್ಜಾರ, ಇಪ್ಪತ್ನಾಕು ತಾಸು ಟೈಮ್ ಐತಿ. ಇಂಜೆಕ್ಷನ್ ನಿಲ್ಲಿಸಬ್ಯಾಡ್ರಿ. ನಾಳೆ ಸಂಜಿಯೊಳಗ ಇನ್ನೊಬ್ಬರಿಗೆ ತೋರಸ್ರಿ. ಜ್ವರ ಬಂದ್ರ, ಕಪ್ಪು ಮ್ಯಾಲೆ ಏರಿದ್ರ, ಹೊಳ್ಳಿ ಇಲ್ಲೇ ಬರ್ರಿ; ಆಗ ವಿಚಾರ ಮಾಡಕ್ಕ ಟೈಮ್ ಇರೂದಿಲ್ಲ,” ಎಂದು ಹೇಳಿ ತಾವೇ ಕೈಯಾರೆ ಪತ್ರ ಬರೆದುಕೊಟ್ಟರು. ಕ್ಷ-ಕಿರಣದ ಚಿತ್ರವನ್ನೂ ಕೊಟ್ಟರು.

ಇದನ್ನು ಒತ್ತಿ ಹೇಳಬೇಕಾಗಿದೆ. ಎರಡನೆಯ ಅಭಿಪ್ರಾಯದ ಹೆಸರಿನಲ್ಲಿ ನಾಟಿ ಔಷಧ, ಮಂತ್ರ, ತಿಂಗಳ ಅಲೆದಾಟ ಇವುಗಳಿಗೆ ಬಿದ್ದು ಕಾಲಿನ ಜೊತೆ ಜೀವವನ್ನೂ ಕಳೆದುಕೊಂಡವರಿದ್ದಾರೆ. ನಂಜು ಮೈಗೇರಿದ ಮೇಲೆ ಕಾಲು ಕತ್ತರಿಸುವುದೇ ಪ್ರಾಣದಾನ. ಆರಿಸುವ ಹಕ್ಕು ತಡಮಾಡುವ ಹಕ್ಕಲ್ಲ.

ಮರುದಿನ ಇನ್ನೊಂದು ನಗರದಲ್ಲಿ, ಪಾದಗಳನ್ನೇ ಹೆಚ್ಚಾಗಿ ನೋಡುವ ವೈದ್ಯರೊಬ್ಬರು ಕಾಕಾನನ್ನು ಪರೀಕ್ಷಿಸಿದರು. ನೈಲಾನ್ ಎಳೆಯೊಂದನ್ನು ಪಾದದ ಹಲವು ಕಡೆ ಮುಟ್ಟಿಸಿ, ಎಲ್ಲಿ ತಿಳಿಯುತ್ತದೆ, ಎಲ್ಲಿ ಇಲ್ಲ ಎಂದು ಗುರುತು ಹಾಕಿದರು. ಕೈಯ ರಕ್ತದೊತ್ತಡವನ್ನು ಕಾಲಗಂಟಿನ ರಕ್ತದೊತ್ತಡದೊಡನೆ ಹೋಲಿಸಿದರು. ರಕ್ತದ ಹರಿವು ಚೆನ್ನಾಗಿತ್ತು. ಬೆರಳನ್ನು ತೆಗೆದು, ಕೀವನ್ನು ಹೊರಬಿಟ್ಟು, ಪಾದದ ಭಾರ ಇಳಿಯುವಂತೆ ಪಟ್ಟಿ ಹಾಕಿದರು. ಮೊದಲನೆಯವರನ್ನು ಅವರು ಒಂದು ಮಾತೂ ಹಳಿಯಲಿಲ್ಲ. “ಅವರು ಕಳಿಸಿದ್ದಕ್ಕ ಕಾಲು ಉಳೀತು,” ಎಂದಷ್ಟೇ ಹೇಳಿದರು.

“ತಲೆಗೆ ಬಂದದ್ದು ಪಾಗಿಗೆ ಹೋತು ಅಂತಾರಲ್ಲ, ನನ್ನ ಕಾಲಿಗೆ ಬಂದದ್ದು ಬೆರಳಿಗೆ ಹೋತು,” ಎಂದು ಕಾಕಾ ಈಗಲೂ ಬಂದವರಿಗೆಲ್ಲ ಹೇಳುತ್ತಾನೆ. ಹೇಳಿ ನಗುತ್ತಾನೆ, ಆದರೆ ಒಂದು ಬೆರಳಿಲ್ಲದ ಪಾದದಿಂದ ಬದುವಿನ ಮೇಲೆ ನಡೆಯುವಾಗ ಅವನ ದೇಹ ಒಂದು ಕಡೆ ವಾಲುವುದನ್ನು ನಾನು ಬಲ್ಲೆ.

ಊರು ಮಾಡಬಹುದಾದ ಕೆಲಸ

ಈ ಸೀಮೆಗೆ ಸಹಕಾರವೆಂಬುದು ಹೊಸದಲ್ಲ. ರೈತರೇ ಕೂಡಿ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. ಹಳ್ಳಿಹಳ್ಳಿಗೆ ವಿದ್ಯುತ್ತು ಹಂಚಲು 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಕರ್ನಾಟಕದಲ್ಲಿ ಅಂಥ ಸಂಘ ಬೇರೊಂದಿಲ್ಲ. ಮನೆಗೆ ದೀಪವನ್ನು ತಾವೇ ತಂದುಕೊಂಡ ಜನ ವಾರಕ್ಕೊಂದು ದಿನ ಪಾದದ ತಪಾಸಣೆಯನ್ನು ತಮ್ಮೂರ ಆಸ್ಪತ್ರೆಯಲ್ಲಿ ಕೇಳಿ ಪಡೆಯಲಾರರೇ? ನೈಲಾನ್ ಎಳೆಗೂ, ಅದನ್ನು ಬಳಸಲು ದಾದಿಗೆ ಕೊಡುವ ತರಬೇತಿಗೂ ಆಗುವ ಖರ್ಚು ಅಲ್ಪ.

ಪಾದರಕ್ಷೆಯ ವಿಷಯದಲ್ಲಂತೂ ನಾವು ಭಾಗ್ಯವಂತರು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿ ಕರ್ನಾಟಕದ 4 ಜಿಲ್ಲೆಗಳಿಗೂ ಅದರಲ್ಲಿ ಪಾಲು ಸಿಕ್ಕಿತು. ಅಥಣಿ, ನಿಪ್ಪಾಣಿಯ ಕಡೆಯ ಕುಶಲಿಗಳ ಕೈ ದೇಶಕ್ಕೇ ಹೆಸರಾದದ್ದು. ಆದರೆ ಗಟ್ಟಿ ತೊಗಲಿನ ಅಟ್ಟೆ, ಹೆಬ್ಬೆರಳನ್ನು ಹಿಡಿಯುವ ಉಂಗುರ, ಇವು ಸ್ಪರ್ಶ ತಿಳಿಯದ ಪಾದಕ್ಕೆ ಒಗ್ಗುವಂಥವಲ್ಲ. ಅದೇ ಕುಶಲ ಕೈಗಳು ಮೆತ್ತನೆಯ ಅಟ್ಟೆಯ, ಹಿಂದೆ ಪಟ್ಟಿಯುಳ್ಳ ಚಪ್ಪಲಿಯನ್ನು ವೈದ್ಯರ ಸಲಹೆಯಂತೆ ಹೊಲಿದುಕೊಟ್ಟರೆ ಎಷ್ಟು ಪಾದಗಳು ಉಳಿದಾವು!

ಅದಾಗುವ ತನಕ ನಮ್ಮ ಕೈಯಲ್ಲಿರುವುದು ಇಷ್ಟು. ಮಧುಮೇಹವಿದ್ದವರು ದಿನಕ್ಕೊಮ್ಮೆ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಲಿ. ಬರಿಗಾಲಿನಲ್ಲಿ ಹೊಲಕ್ಕೆ ಇಳಿಯದಿರಲಿ. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ಹರಳು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಲಿ. ಆಣಿಯನ್ನು ತಾವೇ ಕೊಯ್ಯದಿರಲಿ. ಕಾಲು ತೆಗೆಯಬೇಕೆಂದು ಹೇಳಿದವರನ್ನು ಕೈಮುಗಿದು ನಾಲ್ಕು ಪ್ರಶ್ನೆ ಕೇಳಲಿ: ರಕ್ತದ ಹರಿವು ನೋಡಿದಿರಾ? ಎಷ್ಟು ತೆಗೆಯುವಿರಿ, ಏಕೆ? ಬೇರೆ ದಾರಿ ಇದೆಯೇ? ಇನ್ನೊಬ್ಬರಿಗೆ ತೋರಿಸಲು ಎಷ್ಟು ತಾಸು ಇದೆ?

ಕಾಕಾನ ಮಲಗುವ ಕೋಣೆಯಲ್ಲಿ ಈಗ ಹಳೆಯ ಗಡ್ಡದ ಕನ್ನಡಿಯೊಂದು ನೆಲದ ಮೇಲೆ, ಗೋಡೆಗೆ ಒರಗಿ ನಿಂತಿದೆ. ಪ್ರತಿದಿನ ಮುಂಜಾನೆ ಶಂಕರಲಿಂಗನಿಗೆ ಕೈಮುಗಿದ ಮೇಲೆ ಅವನು ಮಂಚದ ಮೇಲೆ ಕುಳಿತು, ಒಂದೊಂದಾಗಿ ಕಾಲನ್ನು ಅದರ ಮೇಲೆ ಎತ್ತಿ ಹಿಡಿಯುತ್ತಾನೆ. ಮೊನ್ನೆ ಹೋದಾಗ ನನಗೂ ಆಜ್ಞೆಯಾಯಿತು: “ನಿನಗೂ ನಲವತ್ತ ದಾಟ್ಯಾವಲ್ಲೋ ತಮ್ಮಾ, ಬೂಟ ಬಿಚ್ಚು. ನೋಡಿಕೋ.”

ನಾನು ಬಿಚ್ಚಿ ನೋಡಿಕೊಂಡೆ.