ನಿಮಗಿದು ಗೊತ್ತೇ? ಕೀವೂ ಆಗದ ಮೈಯಲ್ಲಿ ಸೋಂಕಿನ ಸುಳಿವು

● ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಅದೇ ವರ್ಷ ಅಮೆರಿಕದ ಡಾ. ಡೊನಾಲ್ ಥಾಮಸ್, ರೋಗಿಗಳಿಗೆ ಬೇರೆಯವರ ಅಸ್ಥಿಮಜ್ಜೆ ಕೊಟ್ಟ ವರದಿ ಪ್ರಕಟಿಸಿದರು. ಆ ಆರು ಮಂದಿಯಲ್ಲಿ ಒಬ್ಬರೂ ನೂರು ದಿನ ದಾಟಲಿಲ್ಲ. ಪಟ್ಟು ಬಿಡದ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ಭಾರತದ ಮೊದಲ ಅಸ್ಥಿಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ.

● ಅಸ್ಥಿಮಜ್ಜೆ ಕಸಿ, ಅಂದರೆ ಸ್ಟೆಮ್ ಸೆಲ್ ಕಸಿ, ಆಪರೇಷನ್ ಅಲ್ಲ. ರಕ್ತ ಏರಿಸಿದಂತೆ ರಕ್ತನಾಳದ ಮೂಲಕವೇ ಜೀವಕೋಶ ಏರಿಸುತ್ತಾರೆ. ಕಷ್ಟ ಇರುವುದು ಆಮೇಲೆ. ಹೊಸ ಮಜ್ಜೆ ಬೇರೂರಿ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳ ಎಣಿಕೆ 500 ದಾಟಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು.

● ಆ ವಾರಗಳಲ್ಲಿ ಗಾಯವಾದರೂ ಕೀವು ಕಟ್ಟದು! ಕೀವಿನಲ್ಲಿರುವುದು ಬಹುಪಾಲು ಸತ್ತ ಬಿಳಿರಕ್ತಕಣ. ಕಣವೇ ಇಲ್ಲದ ಮೇಲೆ ಕೀವೆಲ್ಲಿಂದ? ನ್ಯುಮೋನಿಯಾ ಇದ್ದರೂ ಎಕ್ಸ್‌ರೇಯಲ್ಲಿ ಕಾಣಿಸದೇ ಹೋಗಬಹುದು. ಎಷ್ಟೋ ಸಲ ಜ್ವರವೊಂದೇ ಗುರುತು. ಅದಕ್ಕೇ ವೈದ್ಯರು ರಕ್ತದಲ್ಲಿ ಸುಳಿವು ಹುಡುಕುತ್ತಾರೆ.

● ಸಿಆರ್‌ಪಿ: 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಕ್ಕಿದ ಪ್ರೋಟೀನು. ತಯಾರಾಗುವುದು ಪಿತ್ತಜನಕಾಂಗದಲ್ಲಿ. ಸೋಂಕಾದಾಗ ಏರುವ ಇದು, ಕಸಿಗೆ ಮುನ್ನ ಕೊಡುವ ಕೀಮೋದಿಂದ ಬಾಯಿ ಹುಣ್ಣಾದರೂ ಏರುತ್ತದೆ.

● ಪ್ರೊಕ್ಯಾಲ್ಸಿಟೋನಿನ್ ಇನ್ನೂ ವಿಚಿತ್ರ. ಇದು ಥೈರಾಯ್ಡ್ ಗ್ರಂಥಿಯ ಒಂದು ಹಾರ್ಮೋನಿನ ಮೂಲರೂಪ. ಆರೋಗ್ಯವಂತರ ರಕ್ತದಲ್ಲಿ ಇದ್ದೂ ಇಲ್ಲದಂತಿರುತ್ತದೆ. ಬ್ಯಾಕ್ಟೀರಿಯಾ ರಕ್ತ ಸೇರಿದರೆ ಥೈರಾಯ್ಡ್ ತೆಗೆಸಿಕೊಂಡವರಲ್ಲೂ ಏರುತ್ತದೆ, ಏಕೆಂದರೆ ಆಗ ಮೈಯ ಹಲವು ಅಂಗಗಳು ಅದನ್ನು ಹೊರಬಿಡುತ್ತವೆ. ಕೆಲವೇ ಗಂಟೆಗಳಲ್ಲಿ ಮೇಲೇಳುವ ಇದು ಸಿಆರ್‌ಪಿಗಿಂತ ಚುರುಕು. ವೈರಸ್ ಸೋಂಕಿನಲ್ಲಿ ಸಾಮಾನ್ಯವಾಗಿ ಅಷ್ಟು ಏರದು. ಸೋಂಕಿನೊಂದಿಗಿನ ಈ ನಂಟನ್ನು 1993ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಆದರೆ ಕಸಿಗೆ ಮುನ್ನ ಕೊಡುವ ಎಟಿಜಿ ಎಂಬ ಔಷಧದಿಂದ, ಸೋಂಕಿಲ್ಲದೆಯೂ ಇದು ಜಿಗಿಯಬಲ್ಲದು. ರಿಪೋರ್ಟಿನ ಅಂಕಿ ನೋಡಿ ಮನೆಯವರು ಗಾಬರಿಯಾಗುವ ಮುಂಚೆ ವೈದ್ಯರನ್ನು ಕೇಳುವುದು ಲೇಸು.

● 1923ರಿಂದ ಕಬ್ಬಿಣ ತಯಾರಿಸಿದ ಊರು ಭದ್ರಾವತಿ. ಆದರೆ ಮೈಯಲ್ಲಿ ಕಬ್ಬಿಣ ಅತಿಯಾದರೆ ಅಪಾಯ. ಒಂದು ಯೂನಿಟ್ ರಕ್ತದಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಪದೇ ಪದೇ ರಕ್ತ ಹಾಕಿಸಿಕೊಂಡ ಥಲಸ್ಸೀಮಿಯಾ ಮಕ್ಕಳಲ್ಲಿ ಅದು ಕೂಡುತ್ತಲೇ ಹೋಗುತ್ತದೆ. ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡಕ್ಕೂ ಕಬ್ಬಿಣ ಬೇಕು. ಕಸಿಗೆ ಮೊದಲೇ ರಕ್ತದಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿದ ಕಬ್ಬಿಣದ ಸೂಚಕ) ತುಂಬ ಹೆಚ್ಚಿದ್ದವರಲ್ಲಿ ಸೋಂಕು ಜಾಸ್ತಿ ಎಂದು ಅಧ್ಯಯನಗಳು ಕಂಡುಕೊಂಡಿವೆ.

● ಮಂಗನ ಕಾಯಿಲೆ ಪತ್ತೆಗೆ ಬಳಸುವ ಪಿಸಿಆರ್ ವಿಧಾನವೇ ಕಸಿಯಾದವರಲ್ಲಿ ವೈರಸ್ ಹುಡುಕಲೂ ಬೇಕು. ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಸದ್ದಿಲ್ಲದೆ ಇರುವ ಸಿಎಂವಿ ವೈರಸ್ ಕಸಿಯ ನಂತರ ಎಚ್ಚರಗೊಳ್ಳಬಹುದು. ಬೇರೆಯವರ ಸ್ಟೆಮ್ ಸೆಲ್ ಪಡೆದವರಿಗೆ ಸುಮಾರು ನೂರು ದಿನ, ಸಾಮಾನ್ಯವಾಗಿ ವಾರಕ್ಕೊಮ್ಮೆ ಪರೀಕ್ಷೆ. ವೈರಸ್ ಏರತೊಡಗಿದರೆ, ಕಾಯಿಲೆ ಕಾಣುವ ಮೊದಲೇ ಔಷಧ ಶುರು.

● ಗ್ಯಾಲಕ್ಟೊಮ್ಯಾನನ್ ಪರೀಕ್ಷೆ ಹುಡುಕುವುದು ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕೋಶಗೋಡೆಯ ಸಕ್ಕರೆಯನ್ನು. ಮಲೆನಾಡಿನವರಿಗೆ ಇದು ಹತ್ತಿರದ ವಿಷಯ: ಬೂಷ್ಟು ಹಿಡಿದ ಅಡಿಕೆ, ಒದ್ದೆ ಹುಲ್ಲಿನ ಬಣವೆ, ಗೊಬ್ಬರಗುಂಡಿ, ಮಳೆಗಾಲದ ತೇವದ ಗೋಡೆ, ಎಲ್ಲೆಲ್ಲೂ ಇಂಥ ಬೂಷ್ಟಿನ ಕಣಗಳಿರುತ್ತವೆ. ಕಸಿಯಾಗಿ ಮನೆಗೆ ಬಂದವರು ಅಡಿಕೆ ಸುಲಿಯುವ ಜಾಗದಿಂದ ದೂರವಿರಬೇಕು.

● ಇಂಥವರಿಗೆ ನಾಳೆ ಸೋಂಕು ಬರುತ್ತದೆ ಎಂದು ಖಚಿತವಾಗಿ ಹೇಳುವ ಒಂದೇ ಒಂದು ಪರೀಕ್ಷೆ ಇನ್ನೂ ಇಲ್ಲ. ಒಂದು ದಿನದ ಅಂಕಿಗಿಂತ ದಿನದಿಂದ ದಿನಕ್ಕೆ ಅದು ಏರಿದ ಬಗೆಯೇ ಹೆಚ್ಚು ಹೇಳುತ್ತದೆ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಡಿ.

● ಕಸಿಯಾದವರಿಗೆ ಜ್ವರ ಒಮ್ಮೆ 101 ಡಿಗ್ರಿ ಮುಟ್ಟಿದರೂ, 100.4ರಲ್ಲೇ ಒಂದು ಗಂಟೆ ನಿಂತರೂ ಅದು ತುರ್ತು. ಬಿಳಿಕಣ ಕಡಿಮೆಯಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಒಳಗೆ ಹೋಗಬೇಕು. ಕಸಿ ಆದದ್ದು ಬೆಂಗಳೂರಿನಲ್ಲಾದರೆ, ಶಿವಮೊಗ್ಗದಿಂದ ಅದು ಸುಮಾರು 300 ಕಿಲೋಮೀಟರ್! ಪ್ಯಾರಾಸಿಟಮಾಲ್ ನುಂಗಿ ಬೆಳಗಿನ ರೈಲಿಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ‘ಸ್ಟೆಮ್ ಸೆಲ್ ಕಸಿ ಆಗಿದೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಕಸಿ ಮಾಡಿದ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿಸಿ.